ಒಡೆಯದೆ ಉಳಿದ ಬಳೆ

ಕೆಲವು ವರ್ಷಗಳ ಹಿಂದೆ ನಾನು ನಿಂತಿದ್ದದ್ದು ತುಕ್ಕಾನಟ್ಟಿಯಲ್ಲಿ, ಗೆಳೆಯ ಬಾಳಪ್ಪನ ಅಂಗಳದ ನೀರಿನ ಹರವಿಯ ಪಕ್ಕ. ಮಧ್ಯಾಹ್ನದ ಹೊತ್ತು, ಅವನ ಹೆಣವನ್ನು ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂದು ಬೆಳಿಗ್ಗೆ ಘಟಪ್ರಭಾದ ಬಳೆ ಅಂಗಡಿಯ ಮುಂದೆ ಗಾಜಿನ ಸಪ್ಪಳ ಕೇಳಿ ನನ್ನ ಕಾಲು ತಾನಾಗಿ ನಿಂತಿತಲ್ಲ, ಅದರ ಕಾರಣ ಆ ಅಂಗಳದಲ್ಲಿದೆ.

ಬಾಳಪ್ಪನಿಗೆ ಇಬ್ಬರು ಹೆಂಡಿರು. ಹಾಗೆ ಹೇಳುವುದು ನಮ್ಮ ರೂಢಿ. ಕಾಯ್ದೆ ಏನನ್ನುತ್ತದೆ ಎಂದು ಯಾರೂ ಕೇಳಿರಲಿಲ್ಲ. ಹಿರಿಯಳು ಶಿವವ್ವ. ತನಗೆ ಮಕ್ಕಳಾಗಲಿಲ್ಲವೆಂದು ಅವಳೇ ಹುಕ್ಕೇರಿ ಕಡೆಯ ಬಡವರ ಮನೆಗೆ ಹೋಗಿ ರತ್ನವ್ವನನ್ನು ಗೊತ್ತುಮಾಡಿ ಬಂದಳು, ಮದುವೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಅಕ್ಷತೆ ಹಾಕಿದಳು. ಆ ಮದುವೆಯ ಹೋಳಿಗೆಯನ್ನು ನಾನೂ ಉಂಡಿದ್ದೇನೆ. ತುಪ್ಪ ಸಾಲದೆಂದು ಗೊಣಗಿದ ನೆನಪೂ ಇದೆ. ಮುಂದೆ ರತ್ನವ್ವನಿಗೆ ಒಬ್ಬ ಮಗಳು ಹುಟ್ಟಿದಳು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು. ಅವರ ನಡುವೆ ಜಗಳವಾದದ್ದನ್ನು ನಾನು ಕಂಡಿಲ್ಲ.

ಆ ಮಧ್ಯಾಹ್ನ ಓಣಿಯ ಮುದುಕಿ ಎಲ್ಲವ್ವ ಶಿವವ್ವನ ಬಳೆಗಳನ್ನು ಕಲ್ಲಿಗೆ ಒಡೆದಳು. ಆಮೇಲೆ ರತ್ನವ್ವನ ಕೈ ಹಿಡಿದಳು. ಅಷ್ಟರಲ್ಲಿ ಶಿವವ್ವನ ತಮ್ಮ, ಮೂಡಲಗಿಯ ಮಲ್ಲಪ್ಪ, ಮುಂದೆ ಬಂದ.

“ಆಕೀ ಕೈ ಬಿಡ ಯವ್ವಾ. ಆಕೀ ಬಳಿ ಒಡೀಬ್ಯಾಡ.”

ಕಾಲ ಸುಧಾರಿಸಿತು, ಎಳೆಯ ಹೆಣ್ಣಿನ ಮೇಲೆ ಕರುಣೆ ಬಂತು ಎಂದುಕೊಂಡೆ. ನನ್ನ ಕಣ್ಣು ತುಂಬಿಯೂ ಬಂತು. ನನ್ನ ಜಾಣತನ ಅಷ್ಟು.

“ಒಡದ್ರ ಊರ ಮುಂದ ಹೆಂಡ್ತಿ ಅಂತ ಒಪ್ಪಿದಂಗ ಆಕ್ಕೈತಿ. ನಾಳಿ ಹೊಲದಾಗ ಪಾಲು ಕೇಳ್ತಾಳ,” ಎಂದ ಮಲ್ಲಪ್ಪ.

“ಹೆಣ ಇನ್ನಾ ಅಂಗಳದಾಗ ಕುಂತೈತಿ, ನೀ ಆಗ್ಲೇ ಹೊಲಾ ಅಳ್ಯಾಕತ್ತಿ ಏನೋ ಭಾಡ್ಯಾ?” ಎಂದಳು ಎಲ್ಲವ್ವ.

ರತ್ನವ್ವ ಶಿವವ್ವನ ಕಡೆ ತಿರುಗಿದಳು. “ಅಕ್ಕಾ, ನೀನರ ಹೇಳ. ಈ ಮನ್ಯಾಗ ನಾ ಯಾರು?”

ಶಿವವ್ವ ತಲೆ ಎತ್ತಲಿಲ್ಲ. “ದುಡ್ಯಾಕ ಬಂದಾಕಿ,” ಎಂದಳು.

ಎಲ್ಲವ್ವನ ಹಿಡಿತ ಸಡಿಲವಾಯಿತು. ರತ್ನವ್ವನ ಕೈ ಹಸಿರು ಬಳೆಗಳ ಸಮೇತ ಕೆಳಗೆ ಬಿತ್ತು. ನಾನು ಹರವಿಯ ಅಂಚನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ರತ್ನವ್ವನನ್ನು ಗೋಕಾಕದ ಒಬ್ಬ ವಕೀಲರ ಬಳಿ ಕರೆದೊಯ್ದೆ. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. “ಬಳಿ ಒಡದ್ರೂ ಅಷ್ಟ, ಬಿಟ್ರೂ ಅಷ್ಟರಿ. ಮೊದಲನೇ ಹೆಂಡ್ತಿ ಇರೂವಾಗ ಆದ ಲಗ್ನ ಕಾಯ್ದೇದಾಗ ಲಗ್ನನ ಅಲ್ಲ. ಇವರಿಗೆ ಪಾಲಿಲ್ಲ. ಮಗಳಿಗೆ ಐತಿ, ಅದನ್ನ ಯಾರೂ ತಪ್ಪಸಾಕ ಆಗೂದಿಲ್ಲ.”

ಅಂದರೆ ಅಂಗಳದಲ್ಲಿ ಆಡಿದ ಆ ಮಾತಿನಿಂದ ಶಿವವ್ವ ಉಳಿಸಿಕೊಂಡದ್ದು ಏನೂ ಇಲ್ಲ. ಆ ಮಾತು ಬೇಕಾಗಿರಲೇ ಇಲ್ಲ. ಇಷ್ಟು ವರ್ಷ ರತ್ನವ್ವನನ್ನು ಬಾಳಪ್ಪನ ಹೆಂಡತಿ ಎಂದು ಕರೆದವರಲ್ಲಿ ನಾನೂ ಒಬ್ಬ.

ಇಂದು ಬಳೆ ಅಂಗಡಿಯಲ್ಲಿ ಕೈ ಚಾಚಿ ಕುಳಿತಿದ್ದವಳು ಅವಳೇ. ಅಂಗಡಿಯವಳು ಒಂದೊಂದಾಗಿ ಹಸಿರು ಬಳೆ ಏರಿಸುತ್ತಿದ್ದಳು. ನನ್ನ ಕಣ್ಣು ಅಲ್ಲೇ ನೆಟ್ಟಿತ್ತು.

“ಏನ್ ನೋಡ್ತೀರಿ ಕಾಕಾ? ತಗಿ ಅನ್ನಾಕ ಯಾರಿಗೆ ಹಕ್ಕೈತ್ರಿ? ಸತ್ತಾಂವ ನನ್ನ ಗಂಡ ಅಲ್ಲಂತ ಊರ ಮುಂದ ಅವ್ರ ಹೇಳ್ಯಾರ,” ಎಂದಳು. ನಗುತ್ತಿದ್ದಳು, ಆ ನಗೆಯನ್ನು ನೋಡಲಾಗಲಿಲ್ಲ. “ಮಗಳ ಪಾಲಿಗೆ ಬಂದ ಖೋಲ್ಯಾಗ ಇರ್ತೇನಿ. ಬಾಜೂಕ ಅಕ್ಕಾ ಅದಾಳ. ರೊಟ್ಟಿ ಬಡಿಯೂವಾಗ ದಿನಾ ಈ ಸಪ್ಪಳಾ ಕೇಳ್ತಾಳ.”

ಎಲ್ಲವ್ವ ಆಮೇಲೆ ತೀರಿಕೊಂಡಳು. ಅಂದು ಹೆಣದ ಹತ್ತಿರವೇ ಇದ್ದು ಆ ಬಳೆ ಒಡೆಯದೆ ಉಳಿದದ್ದನ್ನು ಕಂಡವರಲ್ಲಿ ಇನ್ನೂ ಬದುಕಿರುವವರು ಮೂಡಲಗಿಯ ಮಲ್ಲಪ್ಪ, ನಾನು, ಮತ್ತು ಒಂದೇ ಗೋಡೆಯ ಆಚೆ ಈಚೆ ಶಿವವ್ವ, ರತ್ನವ್ವ.