ನೊಣದಲ್ಲಿ ಇಲ್ಲದ್ದು ಹವಳದಲ್ಲಿತ್ತು

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಹೈದರಾಬಾದಿನಲ್ಲಿ ದಿನ ಬೆಳಗಾದರೆ ಹೊಸ ಸಾಫ್ಟ್‌ವೇರ್ ಕಂಪನಿ. ಇಪ್ಪತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದ್ದ ನಾನು ಹಿಮಾಯತ್‌ನಗರದ ಒಂದು ಸಣ್ಣ ಕಂಪನಿಗೆ ಪರಿಶೀಲಕನಾಗಿ ಸೇರಿದೆ. ಒಂದು ಜೀವಿಯ ಜೀನ್‌ಗಳನ್ನು, ಅಂದರೆ ದೇಹ ಕಟ್ಟುವ ಸೂಚನೆಗಳನ್ನು, ಇನ್ನೊಂದರ ಜೊತೆ ಕಂಪ್ಯೂಟರಿನಲ್ಲಿ ಹೋಲಿಸುವುದು ನಮ್ಮ ಕೆಲಸ.

ಆ ಸಲ ಬಂದದ್ದು ಹವಳ. ಹವಳ ಕಲ್ಲಲ್ಲ, ಪ್ರಾಣಿ. ದ್ವೀಪವೊಂದರ ಬಳಿ ಸಮುದ್ರದೊಳಗಿನ ಹವಳದ ದಿಬ್ಬದಿಂದ ತಂದ ಬೆರಳುದ್ದದ ತುಂಡನ್ನು ಪೂರ್ತಿ ಅರೆದು ಅದರ ಜೀನ್‌ಗಳನ್ನು ಓದಿ ಕಳಿಸಿದ್ದರು. ಹೋಲಿಕೆಗೆ ಹಣ್ಣಿನ ನೊಣವನ್ನು ಇಟ್ಟುಕೊಂಡೆವು, ಅದರ ಪಟ್ಟಿ ಸಿದ್ಧವಿತ್ತು. ನೊಣಕ್ಕೆ ಹೊಂದದ್ದನ್ನೆಲ್ಲ ‘ಕಸ’ ಎಂಬ ಫೋಲ್ಡರಿಗೆ ಹಾಕಿ, ನಾನು ಸಹಿ ಮಾಡಿದ ಮೇಲೆ ಅಳಿಸುವುದು ನಮ್ಮ ಪದ್ಧತಿ. ಡಿಸ್ಕಿನಲ್ಲಿ ಜಾಗ ಸಾಲದಿದ್ದ ಕಾಲ ಅದು.

ಹೋಲಿಕೆ ಮಾಡುತ್ತಿದ್ದವಳು ರಾಯಚೂರಿನ ಶಿವಲೀಲಾ. ಕೂಕಟ್‌ಪಲ್ಲಿಯಿಂದ ಎರಡು ಬಸ್ ಬದಲಿಸಿ ಬರುತ್ತಿದ್ದಳು. ಈ ವರದಿ ಚೆನ್ನಾಗಿ ಬಂದರೆ ಅವಳ ಗುತ್ತಿಗೆ ನೌಕರಿ ಕಾಯಂ ಆಗುವುದಿತ್ತು. ಎಂಟು ತಿಂಗಳ ದುಡಿಮೆಯ ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸರ್, ಇದು ಕಸ ಅಲ್ಲರಿ. ಮೂರು ಸಲ ನೋಡೀನಿ. ನೊಣದಾಗ ಇಲ್ಲ, ಆದ್ರ ಮನುಷ್ಯಾರ ಜೀನ್ ಜೋಡಿ ಭಾಳ ಹೊಂದತಾವ.”

“ಹಾಗಾದರೆ ತುಂಡು ಮುಟ್ಟಿದವರ ಕೈಯಿಂದ ಬಂದಿರುತ್ತದೆ. ಅಳಿಸು.”

“ಕೈಯಿಂದ ಬಂದಿದ್ರ ಥೇಟ್ ಮನುಷ್ಯಾರದ್ದೇ ಇರಬೇಕಿತ್ತಲ್ರಿ? ಇವು ಹೋಲತಾವ ಅಷ್ಟೇ.”

ಎಷ್ಟು ಸರಿಯಾದ ಮಾತು! ನನಗೆ ಸಿಟ್ಟೇ ಬಂತು. ಹವಳವನ್ನು ಜೀವವಿಕಾಸದ ಏಣಿಯ ಕೆಳಗೆ, ಕೀಟವನ್ನು ಮೇಲೆ ಬರೆದು ಪಾಠ ಹೇಳಿದ ಮೇಷ್ಟ್ರು ನಾನು. ತಲೆಯೇ ಇಲ್ಲದ ಹವಳಕ್ಕೆ, ನೊಣಕ್ಕಿಲ್ಲದ್ದು ಎಲ್ಲಿಂದ ಬರಬೇಕು ಎಂದು ಗದರಿಸಿ ಸಹಿ ಹಾಕಿದೆ. ಫೋಲ್ಡರು ಅಳಿಸಿಹೋಯಿತು. ವರದಿಯಲ್ಲಿ ‘ಮಾದರಿ ಕಲುಷಿತ’ ಎಂದು ಬರೆದೆ. ಅಂಥ ವರದಿಗೆ ಯಾರು ನೌಕರಿ ಕಾಯಂ ಮಾಡುತ್ತಾರೆ? ಮುಂದಿನ ತಿಂಗಳು ಅವಳ ಕುರ್ಚಿ ಖಾಲಿಯಾಯಿತು.

ಕೆಲವು ವರ್ಷಗಳ ನಂತರ ಬೇರೆಯವರು ಬೇರೆ ಹವಳಗಳಲ್ಲಿ ಅದನ್ನೇ ಕಂಡರು. ಹವಳಕ್ಕೂ ಮನುಷ್ಯನಿಗೂ ಪುರಾತನ ಪೂರ್ವಜರಿಂದ ಬಂದ ಎಷ್ಟೋ ಜೀನ್‌ಗಳು ಉಳಿದಿವೆ, ಕಳೆದುಕೊಂಡದ್ದು ನೊಣ. ನಮ್ಮ ಹವಳವನ್ನು ಮತ್ತೆ ಓದಿಸೋಣವೆಂದು ಪತ್ರ ಬರೆದೆ. ಸಮುದ್ರ ಕಾದು ಆ ದಿಬ್ಬ ಪೂರ್ತಿ ಬೆಳ್ಳಗಾಗಿ ಸತ್ತಿದೆ ಎಂದು ಉತ್ತರ ಬಂತು.

ನಂಬರು ಹುಡುಕಿ ಶಿವಲೀಲಾಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವಳು ಆ ವಿದ್ಯೆಯನ್ನೇ ಬಿಟ್ಟಿದ್ದಳು.

“ನನಗ ಅವತ್ತೇ ಗೊತ್ತಿತ್ತರಿ ಸರ್,” ಎಂದಳು. “ಈಗ ಯಾಕ ಹೇಳ್ತೀರಿ?”

ಅಳತೆಗೋಲಿಗೆ ಸಿಗದ್ದನ್ನು ಕಸವೆನ್ನುವ ಮುಂಚೆ ಅಳತೆಗೋಲನ್ನೇ ಅನುಮಾನಿಸಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು.