ಶವರಿಗೆ ಹಾಕಿಸಿದ ಫಿಲ್ಟರ್

ನಾವು ಪರದೇಶದಲ್ಲಿ, ಪಾಸಿರ್ ರಿಸ್ ಬಡಾವಣೆಯ ಫ್ಲ್ಯಾಟಿಗೆ ಶಿಫ್ಟ್ ಆದ ಮರುವರ್ಷ ಮಗಳಿಗೆ ಎಕ್ಸಿಮಾ ಶುರುವಾಯಿತು. ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಮೊಣಕೈ ಮಡಿಕೆಯಲ್ಲಿ ಕಾಣಿಸಿಕೊಂಡ ಕೆಂಪು ಕಲೆ ಮಂಡಿಯ ಹಿಂಭಾಗಕ್ಕೆ, ಕತ್ತಿಗೆ ಹರಡಿತು. ಕೆರೆದು ಕೆರೆದು ಯೂನಿಫಾರ್ಮಿನ ಕಾಲರಿಗೆ ರಕ್ತ ಹತ್ತುತ್ತಿತ್ತು. ಉಗುರು ಕತ್ತರಿಸುವುದು, ಅವಳ ಕೈ ಹಿಡಿದು ಕೂರುವುದು ಬಿಟ್ಟರೆ ನನಗೆ ಬೇರೇನೂ ತೋಚುತ್ತಿರಲಿಲ್ಲ.

ಚರ್ಮದ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೆ ಕಡಿಮೆಯಾಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಒಂದು ಸಂಜೆ ಬ್ಲಾಕಿನ ಕೆಳಗೆ ಎಲ್ಲರೂ ಕೂರುವ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಸಿಕ್ಕ ಕನ್ನಡದ ಆಂಟಿಯೊಬ್ಬರು, ಇದೆಲ್ಲ ನಲ್ಲಿ ನೀರಿನ ಕ್ಲೋರಿನ್ ಕೆಲಸ, ಶವರಿಗೆ ಫಿಲ್ಟರ್ ಹಾಕಿಸಿದ ಮೇಲೆ ತಮ್ಮ ಕೂದಲು ಉದುರುವುದೇ ನಿಂತಿತು ಎಂದರು. ಹೆಂಡತಿ ಆ ವಾರವೇ ಒಂದನ್ನು ತರಿಸಿದಳು. ಡಬ್ಬಿಯ ಮೇಲಿನ ಮಾತುಗಳನ್ನು ನಾನು ನಂಬಲಿಲ್ಲ. ಆದರೆ ಬೇಡ ಅನ್ನುವುದಕ್ಕೆ ನನ್ನ ಬಳಿ ಬೇರೆ ಉಪಾಯವಿರಬೇಕಲ್ಲ? ಸ್ಪ್ಯಾನರ್ ತಂದು ನಾನೇ ಕೂರಿಸಿದೆ.

ಕೆಲವು ವಾರ ಕತ್ತು ತಿಳಿಯಾಯಿತು. ಹೆಂಡತಿ ಫೋಟೊ ತೆಗೆದು ಮೈಸೂರಿನ ಮನೆಯವರಿಗೆ ಕಳಿಸಿದಳು. ಫಿಲ್ಟರಿನೊಳಗೆ ನೀರು ಸೋಸುವ ಕಾರ್ಟ್ರಿಜ್ ಕಂದುಬಣ್ಣಕ್ಕೆ ತಿರುಗಿದಾಗ ಬಿಚ್ಚಿ ನನಗೆ ತೋರಿಸಿದಳು. "ನೋಡಿ, ಇಷ್ಟು ದಿನ ಇದು ಮಗು ಮೈಮೇಲೆ ಬೀಳ್ತಿತ್ತು."

ಶಾಲೆಯ ಪರೀಕ್ಷೆಗಳು ಹತ್ತಿರವಾದಾಗ ತುರಿಕೆ ಮರಳಿತು, ಮೊದಲಿಗಿಂತ ಜೋರಾಗಿ. ಹೊಸ ಕಾರ್ಟ್ರಿಜ್ ಹಾಕಿದೆವು. ಕಡಿಮೆಯಾಗಲಿಲ್ಲ. ಡಾಕ್ಟರನ್ನು ಕೇಳಿದೆ. ಇಲ್ಲಿಯ ನೀರು ಕುಡಿಯಲೂ ಯೋಗ್ಯವಾದದ್ದು, ಫಿಲ್ಟರಿನಿಂದ ಎಕ್ಸಿಮಾ ವಾಸಿಯಾಗುತ್ತದೆನ್ನಲು ಒಳ್ಳೆಯ ಆಧಾರವಿಲ್ಲ, ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ ತಕ್ಷಣ ಕ್ರೀಮ್ ಹಚ್ಚಿ ಎಂದರು. ಹಾಗಾದರೆ ಆ ವಾರಗಳಲ್ಲಿ ಕಡಿಮೆಯಾದದ್ದು ಯಾಕೆ ಎಂದೆ. ಇದು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ ಎಂದರು.

ಅಷ್ಟರಲ್ಲಿ ಮಗಳು ಫಿಲ್ಟರನ್ನು ಪೂರ್ತಿ ನಂಬಿಬಿಟ್ಟಿದ್ದಳು. ಸೆರಂಗೂನಿನ ಕಾಂಡೋ ಅಪಾರ್ಟ್‌ಮೆಂಟ್ ಒಂದರಲ್ಲಿ ಗೆಳತಿಯ ಬರ್ತ್‌ಡೇ ಇತ್ತು. ಮಕ್ಕಳೆಲ್ಲ ಪೂಲಿಗಿಳಿದರೂ ಇವಳು ಉದ್ದ ತೋಳಿನ ಅಂಗಿಯಲ್ಲಿ ದಡದಲ್ಲೇ ಕುಳಿತಿದ್ದಳು. ಆಮೇಲೆ ಎಲ್ಲಿಗೆ ಕರೆದರೂ ಅವರ ಮನೆಯ ಬಾತ್‌ರೂಮಿನಲ್ಲಿ ಫಿಲ್ಟರ್ ಇದೆಯಾ ಎಂದು ಕೇಳತೊಡಗಿದಳು.

ಇದನ್ನು ಬಿಚ್ಚಿಬಿಡುವುದೇ ಸರಿ ಎಂದು ಒಂದು ಭಾನುವಾರ ಸ್ಟೂಲ್ ಹತ್ತಿದೆ. ಅವಳು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ತೆಗೀಬೇಡ."

"ಅದರಿಂದ ಏನೂ ಆಗ್ತಿಲ್ಲ ಪುಟ್ಟಾ. ಡಾಕ್ಟರೂ ಹೇಳಿದ್ರು."

"ತೆಗೆದ್ಮೇಲೆ ಇನ್ನೂ ಜಾಸ್ತಿ ಆದ್ರೆ?"

ಆಗುವುದಿಲ್ಲ ಎಂದು ಮಾತು ಕೊಡಲು ನನಗಾಗಲಿಲ್ಲ. ಹೆಂಡತಿಯತ್ತ ನೋಡಿದೆ. ಅವಳು ಮಗಳ ಕತ್ತನ್ನೇ ನೋಡುತ್ತಿದ್ದಳು. ಸಡಿಲಿಸಿದ್ದನ್ನು ಮತ್ತೆ ಬಿಗಿಮಾಡಿ ಇಳಿದೆ.

ಆ ಮನೆಯಲ್ಲಿ ಇದ್ದಷ್ಟು ಕಾಲ ಫಿಲ್ಟರ್ ಅಲ್ಲೇ ಇತ್ತು. ತುರಿಕೆಯೂ ಬರುತ್ತಾ ಹೋಗುತ್ತಾ ಇತ್ತು. ಸ್ನಾನ ಮುಗಿಸಿ ಬಂದವಳಿಗೆ ನಾನು ಕ್ರೀಮ್ ಹಚ್ಚುವಾಗ ಉರಿ ತಾಳಲಾರದೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ನಾನು ಕತ್ತಿನ ಮೇಲೆ ಮೆಲ್ಲಗೆ ಊದುತ್ತಿದ್ದೆ.