ಹರ್ಕಧೋಜನ ಹಗುರ ಖುಕುರಿಗಳು

ನನ್ನ ದೊಡ್ಡಪ್ಪನ ಮಗ ಹರ್ಕಧೋಜ್ ಫಾಗೊ ಪಿಂಚಣಿ ಪಡೆದು ಸೈನ್ಯದ ಪಲ್ಟಣಿನಿಂದ ನಮ್ಮ ಬೆಟ್ಟದೂರು ತೆಹ್ರಥುಮ್‌ಗೆ ವಾಪಸ್ಸಾದಾಗ, ಯುದ್ಧದ ಕಥೆ ಕೇಳೋಣ ಅಂತ ಊರಿನ ಗಂಡಸರೆಲ್ಲ ಅವನ ಅಂಗಳದಲ್ಲಿ ಬಂದು ಕೂತರು. ಎಲ್ಲರ ಮುಂದೆಯೂ ಹುದುಗಿಸಿದ ರಾಗಿಯ ತೋಂಬಾ, ಅದಕ್ಕೆ ಸುರಿಯಲು ಬಿಸಿನೀರು, ಹೀರಲು ಬಿದಿರ ಕೊಳವೆ. ಅವನು ಹೇಳಿದ್ದು ಚಡ್ಡಿಯ ಕಥೆ.

ಪಲ್ಟಣಿಗೆ ಸೇರಿದ ಹೊಸತರಲ್ಲಿ ಅವನ ಸೊಂಟ ಬಹಳ ಸಣ್ಣದು. ಸರಕಾರ ಕೊಟ್ಟ ಬಾಗಿದ ಕತ್ತಿ, ಖುಕುರಿ, ಬಹಳ ಭಾರ. ಒಂದು ದಿನ ದೊಡ್ಡ ಸಾಹೇಬರ ಎದುರು ಸಲಾಮಿ ಪರೇಡು. ಎರಡೂ ಕೈಯಲ್ಲಿ ಬಂದೂಕು ಎತ್ತಿ ಹಿಡಿದು ನಿಂತಿದ್ದಾಗ ಖುಕುರಿ ಬೆಲ್ಟನ್ನು ಕೆಳಗೆಳೆಯಿತು, ಬೆಲ್ಟು ಚಡ್ಡಿಯನ್ನು. ಕೈ ಬಿಡುವ ಹಾಗಿರಲಿಲ್ಲ. ಬಿಡಲಿಲ್ಲ. ಸಾಹೇಬರು ಅವನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿ, "ಶಿಸ್ತಿನ ಹುಡುಗ" ಅಂದು ಮುಂದೆ ಹೋದರಂತೆ.

"ಆಮೇಲೆ?" ಅಂದರು ಗಂಡಸರು.

"ಆಮೇಲೆ ಹಗುರದ್ದು ಹುಡುಕೋಕೆ ಶುರು ಮಾಡಿದೆ."

ಅಷ್ಟೇ ಕಥೆ. ಗಂಡಸರು ತೋಂಬಾ ಮುಗಿಸಿ ಎದ್ದುಹೋದರು.

ಹರ್ಕಧೋಜ್ ದಾಜು (ಅಣ್ಣನಿಗೆ ನಮ್ಮಲ್ಲಿ ದಾಜು ಅನ್ನುತ್ತೇವೆ) ಮದುವೆಯಾಗಿರಲಿಲ್ಲ. ರಜೆ ಸಿಗಲಿಲ್ಲ ಅನ್ನುತ್ತಿದ್ದ. ಸಿಕ್ಕ ರಜೆಯಲ್ಲೆಲ್ಲ ಬೆಟ್ಟ ಹತ್ತಿಳಿದು ಖುಕುರಿ ಹುಡುಕುತ್ತಿದ್ದ. ಅವನಿಗೆ ಬೇಕಾದದ್ದು ಸಿರುಪಾತೆ, ಸಿರು ಹುಲ್ಲಿನ ಎಲೆಯ ಹಾಗೆ ಕಿರಿದಾಗಿ ಉದ್ದಕ್ಕಿರುವ ಖುಕುರಿ. ಅದರಲ್ಲೂ ಹಳೆಯದು, ಕಾಳಗಕ್ಕೆಂದೇ ಬಡಿದದ್ದು. ಚಿಕ್ಕದಾಗಿರುವುದರಿಂದ ಹಗುರವಾದದ್ದು ಅವನಿಗೆ ಬೇಡ. ಉದ್ದ ಪೂರ್ತಿ ಇರಬೇಕು, ಬೆನ್ನು ಗಟ್ಟಿ ಇರಬೇಕು, ಆದರೂ ಹಗುರವಿರಬೇಕು. ಉಗುರಿನಿಂದ ಅಲಗನ್ನು ತಟ್ಟಿ ಕಿವಿಗಿಟ್ಟುಕೊಳ್ಳುತ್ತಿದ್ದ. ಕೊನೆಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮ್ಯಾಂಗ್ಲುಂಗ್ ಬಜಾರಿನ ಏರು ಹತ್ತಿ, ಮೇಲೆ ಕೂತು ಒಂದು ತೋಂಬಾ ಕುಡಿಯುತ್ತಿದ್ದ. ಏಳುವಾಗ ಖುಕುರಿಯ ನೆನಪೇ ಇಲ್ಲದಿದ್ದರೆ ಅದು ಪಾಸು. ಒಂದು ಸಲ ಹಾಗೆ ಮರೆತು, ದುಡ್ಡೂ ಕೊಡದೆ ಸೀದಾ ಮನೆಗೆ ಹೊರಟುಬಿಟ್ಟ. ಮಾರುವವನು ಕೂಗುತ್ತ ಹಿಂದೆ ಓಡಿಬಂದ. "ಒಪ್ಪಿಗೆಯಾಯ್ತು" ಅಂದ ದಾಜು.

ಹೀಗೆ ಅವನ ಮಲಗುವ ಕೋಣೆಯ ಗೋಡೆ ತುಂಬಿತು. ಊರಿನ ಗಂಡಸರು ನೋಡಲು ಬಂದು, ಎತ್ತಿ ನೋಡಿ, ನಕ್ಕು ಹೋಗುತ್ತಿದ್ದರು. "ಇದೇನು ದಾಜು, ಕಿವಿ ಕೆರೆದುಕೊಳ್ಳೋಕಾ?" ಅವರ ಸೊಂಟದಲ್ಲಿ ಭೋಜಪುರದ ಅಗಲ ಖುಕುರಿಗಳು ತೂಗುತ್ತಿದ್ದವು. ದಾಜು ಅವರ ಚಡ್ಡಿಗಳ ಕಡೆ ಒಮ್ಮೆ ನೋಡುತ್ತಿದ್ದ.

ತಮೋರ್ ನದಿಯಾಚೆಯ ಒಂದು ಹಳ್ಳಿಯಲ್ಲಿ ಬಲು ಹಗುರದ್ದೊಂದು ಇದೆ ಎಂಬ ಸುದ್ದಿ ಸಿಕ್ಕಿದಾಗ ನನ್ನನ್ನೂ ಕರೆದುಕೊಂಡು ಹೋದ. ಆ ಖುಕುರಿ ಮನಸಿರಿ ಅನ್ನುವ ವಿಧವೆಯದು. ಅವಳ ಮಾವ ಅದನ್ನು ಯುದ್ಧಕ್ಕೆ ಒಯ್ದು, ಮೀನಿನ ಡಬ್ಬಿ ತೆರೆಯಲು ಬಳಸಿ, ಜೋಪಾನವಾಗಿ ವಾಪಸ್ಸು ತಂದಿದ್ದ. ನಾವು ಹೋದಾಗ ಅವಳು ಅದರಿಂದಲೇ ಬುಟ್ಟಿಗೆ ಬಿದಿರು ಸೀಳುತ್ತಿದ್ದಳು.

"ದಿದಿ, ಆ ಖುಕುರಿ ಸ್ವಲ್ಪ ಕೊಡ್ತೀರಾ?" ಅಂದ ದಾಜು.

"ಯಾಕೆ? ನಿಮ್ಮ ಸೊಂಟದಲ್ಲೇ ಒಂದಿದೆಯಲ್ಲ."

"ಇದೆಯಾ?" ಅಂತ ದಾಜು ಸೊಂಟ ಮುಟ್ಟಿ ನೋಡಿಕೊಂಡ.

ಅವಳು ನಗಲಿಲ್ಲ. ಖುಕುರಿ ಕೊಟ್ಟಳು. ದಾಜು ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತನೆಂದರೆ ಅವಳ ಎಮ್ಮೆ ಬಂದು ಅವನನ್ನು ಮೂಸಿತು.

"ಇದನ್ನ ಮಾರ್ತೀರಾ?"

"ಇಲ್ಲ. ಆ ಬೇಲಿ ಬಿದ್ದಿದೆ, ನೆಟ್ಟು ಕೊಡ್ತೀರಾ?"

ನೆಟ್ಟುಕೊಟ್ಟೆವು. ಮುಂದಿನ ವರ್ಷ ಹೋದಾಗ ಸೂರಿಗೆ ಹುಲ್ಲು ಹೊದಿಸಿದೆವು. ಅದರ ಮುಂದಿನ ಸಲ ಸೌದೆ ಒಡೆದೆವು. ಪ್ರತಿ ಸಲವೂ ಅವಳು ಹುದುಗಿಸಿದ ಸೋಯಾ ಕಾಳಿನ ಕಿನೇಮಾ ಸಾರು, ಅನ್ನ ಹಾಕಿ, ಮಾರೋದಿಲ್ಲ ಅಂತ ಹೇಳಿ ಕಳಿಸುತ್ತಿದ್ದಳು. ಬರಬರುತ್ತ ದಾಜು ಅವಳನ್ನು ದಿದಿ, ಅಂದರೆ ಅಕ್ಕ, ಅನ್ನುವುದು ನಿಲ್ಲಿಸಿದ. ಬೇರೆ ಏನನ್ನಬೇಕೋ ತೋಚದೆ, ಅವಳನ್ನು ಕರೆಯಬೇಕಾದಾಗ ಕೆಮ್ಮುತ್ತಿದ್ದ.

ಕೊನೆಗೆ ಅವಳೇ ಕೇಳಿದಳು. "ಬೇಲಿ ಆಯ್ತು, ಸೂರು ಆಯ್ತು. ಇನ್ನೂ ಯಾಕೆ ಬರ್ತೀರಿ?"

"ಖುಕುರಿಗೆ."

"ಖುಕುರಿಗೆ ಮಾತ್ರಾನಾ?"

ನಾನು ಕೋಳಿಗಳನ್ನು ನೋಡತೊಡಗಿದೆ. ದಾಜು ಕೆಮ್ಮಿದ.

"ಮೊದಲು ನೋಡಿದ್ದು ಖುಕುರೀನೇ" ಅಂದ.

"ಸರಿ. ಅದು ಒಂಟಿಯಾಗಿ ಬರೋದಿಲ್ಲ. ನಾನೂ ಬರ್ತೀನಿ. ಎಮ್ಮೆನೂ ಬರ್ತದೆ."

ಮೂವರೂ ಆ ಚಳಿಗಾಲದಲ್ಲಿ ನಮ್ಮೂರಿಗೆ ಬಂದರು. ದಾಜು ಆ ಖುಕುರಿಗೆ ಗೋಡೆಯ ನಡುವೆ ಜಾಗ ಮಾಡಿ ತೂಗುಹಾಕಿದ. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಬರೀ ಮೊಳೆ. ಈಗ ನನಗೆ ಅತ್ತಿಗೆಯಾದ ಮನಸಿರಿ ಅಂಗಳದಲ್ಲಿ ಅದರಿಂದ ಕುಂಬಳಕಾಯಿ ಹೆಚ್ಚುತ್ತಿದ್ದಳು. ಇರಲಿ ಅಂದುಕೊಂಡ ದಾಜು. ಅದು ಅವಳದೇ.

ಆದರೆ ಕೆಲವು ದಿನಗಳ ಮೇಲೆ ಇನ್ನೊಂದು ಮೊಳೆಯೂ ಖಾಲಿಯಾಯಿತು.

"ಇಲ್ಲಿದ್ದದ್ದು ಎಲ್ಲಿ?"

"ಪಕ್ಕದ್ಮನೆ ಫೂಲ್‌ಮತಿಗೆ ಕೊಟ್ಟೆ. ಅವಳಿಗೆ ಭುಜ ನೋವು. ಗಂಡನ ಖುಕುರಿ ಎತ್ತೋಕಾಗ್ತಿಲ್ಲ, ಮೇವಿಗೆ ಸೊಪ್ಪು ಹೇಗೆ ಕಡೀತಾಳೆ?"

"ಅದು ಯುದ್ಧದ ಖುಕುರಿ ಕಣೇ!"

"ಯಾವ ಯುದ್ಧ?"

ದಾಜು ಯೋಚಿಸಿದ. "ಸದ್ಯಕ್ಕೆ ಯಾವುದೂ ಇಲ್ಲ."

"ಹಾಗಾದ್ರೆ ಸೊಪ್ಪು ಕಡೀಲಿ."

ದಾಜು ಊಟ ಬಿಟ್ಟು ಎದ್ದ. ವಾಪಸ್ಸು ತರುತ್ತೇನೆಂದು ಇಳಿಜಾರಿಗೆ ಹೊರಟವನ ಹಿಂದೆ ನಾನೂ ಹೋದೆ. ಫೂಲ್‌ಮತಿ ಒಂದು ಮರದ ಮೇಲಿದ್ದಳು. ದಾಜು ಕೆಳಗೆ ನಿಂತು ಬಾಯಿ ತೆರೆದ. ಅವಳು ಕೊಂಬೆಗೆ ಒಂದೇಟು ಹಾಕಿದಳು. ದಾಜುವಿನ ಬಾಯಿ ಮುಚ್ಚಿತು. ಇನ್ನೊಂದೇಟು. ಅವನ ಮುಖದಲ್ಲಿ ಹಲ್ಲುನೋವು ಬಂದವನ ಕಳೆ.

"ಏ ಫೂಲ್‌ಮತಿ, ಕೆಳಗಿಳಿ."

ಅವಳು ಇಳಿದು ಬಂದು, "ಬೈಬೇಡಿ ದಾಜು, ಅತ್ತಿಗೆನೇ ಕೊಟ್ಟಿದ್ದು" ಅಂದು ಖುಕುರಿ ಮುಂದೆ ಚಾಚಿದಳು.

"ಕೈ ತೋರಿಸು" ಅಂದ. ಅವಳ ಅಂಗೈ ತಿರುಗಿಸಿ ನೋಡಿದ. "ಅವಳಿಗೇನು ಗೊತ್ತು ಆರಿಸೋಕೆ? ಈ ಹಿಡಿ ನಿನಗೆ ದಪ್ಪ. ಎರಡು ತಿಂಗಳಲ್ಲಿ ಮಣಿಕಟ್ಟೂ ಹೋಗುತ್ತೆ. ಇಲ್ಲೇ ಇರು."

ಖುಕುರಿ ಕಿತ್ತುಕೊಂಡು ಮನೆಗೆ ಬಂದು, ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಒಂದನ್ನು ತೆಗೆದ, ವಾಪಸ್ಸು ಇಟ್ಟ. ಇನ್ನೊಂದನ್ನು ತೆಗೆದ. ಅದು ಧನಕುಟಾದ ಸಂತೆಯಲ್ಲಿ ಸಿಕ್ಕಿದ್ದು, ಎಮ್ಮೆ ಕೊಂಬಿನ ತೆಳು ಹಿಡಿಯದು, ಅವನು ಯಾರಿಗೂ ಮುಟ್ಟಲು ಬಿಡದಿದ್ದದ್ದು. ಅದನ್ನೊಯ್ದು ಫೂಲ್‌ಮತಿಗೆ ಕೊಟ್ಟ. ಬರುವಾಗ ದಾರಿಯಲ್ಲಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಕಣ್ಣು ಒದ್ದೆಯಾಗಿತ್ತು. ಹೊಗೆ ಅಂದ. ಹೊಗೆ ಎಲ್ಲೂ ಇರಲಿಲ್ಲ.

ಅಲ್ಲಿಂದ ಹೆಂಗಸರು ಬರಲು ಶುರು ಮಾಡಿದರು. ಅತ್ತಿಗೆ ಅವರನ್ನು ಒಲೆಯ ಹತ್ತಿರ ಕೂರಿಸುತ್ತಿದ್ದಳು, ದಾಜು ಕೈ ನೋಡುತ್ತಿದ್ದ, ಮರ ಹತ್ತುತ್ತೀಯಾ ಏಲಕ್ಕಿ ಗಿಡ ಸವರುತ್ತೀಯಾ ಅಂತ ಕೇಳುತ್ತಿದ್ದ, ಆಮೇಲೆ ಗೋಡೆಯ ಮುಂದೆ ನಿಲ್ಲುತ್ತಿದ್ದ. ಗಂಡಸರು ಅವನನ್ನು ಹೆಂಗಸರ ಪಲ್ಟಣಿನ ಸುಬೇದಾರ ಅಂದರು. ಅವನಿಗೆ ಆ ಹುದ್ದೆ ಪಲ್ಟಣಿನಲ್ಲಿ ಸಿಕ್ಕಿರಲಿಲ್ಲ. ಬೇಡ ಅನ್ನಲಿಲ್ಲ.

ಗೋಡೆ ಈಗ ಹೆಚ್ಚುಕಡಿಮೆ ಬರಿದು. ಅತ್ತಿಗೆ ಮೊಳೆಗಳಿಗೆ ಜೋಳದ ತೆನೆ ಕಟ್ಟಿದ್ದಾಳೆ. ಚಳಿಗಾಲದಲ್ಲಿ ದಾಜು ಮನೆಮನೆಗೆ ಹೋಗಿ ಅಲಗು ನೋಡುತ್ತಾನೆ. ತುಕ್ಕು ಕಂಡರೆ ಆ ಮನೆಯಲ್ಲಿ ತೋಂಬಾ ಮುಟ್ಟುವುದಿಲ್ಲ. ಹಾಗಾಗಿ ತುಕ್ಕು ಎಲ್ಲೂ ಕಾಣುವುದಿಲ್ಲ.

ಹೋದ ತಿಂಗಳು ಕೆಳಮನೆಯ ಹೊಸ ಸೊಸೆ ಬಂದಳು. ಗಟ್ಟಿಮುಟ್ಟಾದ ಹೆಣ್ಣು. "ದಾಜು, ನನಗೆ ಸ್ವಲ್ಪ ಭಾರದ್ದೇ ಬೇಕಿತ್ತು" ಅಂದಳು.

ದಾಜು ಕೊಳವೆಯಿಂದ ಬಾಯಿ ತೆಗೆದು ಅತ್ತಿಗೆಯ ಕಡೆ ತಿರುಗಿದ. "ಇವಳಿಗೆ ಬಜಾರಿನ ದಾರಿ ತೋರಿಸು."

"ತೋರಿಸ್ತೀನಿ, ಮೊದಲು ಊಟ ಮಾಡ್ಲಿ" ಅಂದಳು ಅತ್ತಿಗೆ.